ಮೂಕಪ್ರಾಣಿ ಎಂಬ ನೆಪ

ಕಳೆದ ತಿಂಗಳ ನಮ್ಮ ಬಳಗದ ಕೂಟಕ್ಕೆ ನಾನು ಒಂದು ಗಂಟೆ ತಡವಾಗಿ ಬಂದೆ. ಕಾರಣ ಕೇಳಿದವರಿಗೆ, ಮನೆಯ ನಾಯಿಗೆ ಬೆನ್ನುಮೂಳೆಯ ತೊಂದರೆಯಾಗಿದೆ, ಅದಕ್ಕೆ ಔಷಧ ಕೊಟ್ಟು ಹೊರಡುವಷ್ಟರಲ್ಲಿ ಲೋಕಲ್ ತಪ್ಪಿತು ಎಂದೆ. 19 ದಿನ ಅದು ನೋವು ತಿಂದಿತೆಂದೂ, ಅಷ್ಟು ದಿನವೂ ನಮಗೆ ಅದು ತಿಳಿಯಲಿಲ್ಲವೆಂದೂ ಹೇಳಿದಾಗ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಬಿಡ್ರಿ, ಮೂಕಪ್ರಾಣಿ ಅದು. ಅದಕ್ಕೇನು ಬಾಯಿ ಐತೇನು? ನಿಮಗ ಹ್ಯಾಂಗ ಗೊತ್ತಾಗಬೇಕು?" ಎಂದರು. ಸಮಾಧಾನದ ಮಾತು. ನಾನೂ ತಲೆಯಾಡಿಸಿ ಸ್ವೀಕರಿಸಿದೆ. ರಾತ್ರಿ ಮಾಟುಂಗದಿಂದ ಮರಳುವಾಗ, ಗಾಡಿ ಠಾಣೆ ದಾಟುವ ಹೊತ್ತಿಗೆ, ಆ ಮಾತು ನನ್ನನ್ನು ಎಷ್ಟು ಸುಲಭವಾಗಿ ಬಿಡುಗಡೆ ಮಾಡಿಬಿಟ್ಟಿತು ಎಂಬುದು ಹೊಳೆದು ನಾಚಿಕೆಯಾಯಿತು. ಈ ಬರಹ ಆ ಹಿರಿಯರ ಮೇಲಿನ ಆಕ್ಷೇಪವಲ್ಲ. ಅವರ ಬಾಯಲ್ಲಿ ಬಂದ, ನಮ್ಮೆಲ್ಲರ ಬಾಯಲ್ಲಿಯೂ ಇರುವ ಒಂದು ಪದದ ಮೇಲಿನ ಆಕ್ಷೇಪ.

ಈ ಪದ ಕರುಣೆಯ ವೇಷದಲ್ಲಿ ಬರುತ್ತದೆ. ಹಸು, ಕರು, ಗುಬ್ಬಿ, ನಾಯಿ, ಯಾವುದು ಕಷ್ಟದಲ್ಲಿರುವುದನ್ನು ಕಂಡರೂ "ಪಾಪ, ಮೂಕಪ್ರಾಣಿ" ಎನ್ನುವುದು ನಮಗೆ ಸಂಸ್ಕಾರವಾಗಿ ಬಂದಿದೆ. ಆದರೆ ಈ ಪದ ಮಾಡುವ ಕೆಲಸವನ್ನು ಒಮ್ಮೆ ಗಮನಿಸಿ. ನೋವು ತಿಳಿಯದೆ ಹೋದುದರ ಕಾರಣವನ್ನು ಅದು ನೋಡುವವನ ಕಣ್ಣಿನಿಂದ ಕಿತ್ತು, ನರಳುವ ಪ್ರಾಣಿಯ ಬಾಯಿಗೆ ಅಂಟಿಸುತ್ತದೆ. ನಾನು ಕಾಣಲಿಲ್ಲ ಎಂಬ ವಾಕ್ಯ ಅದು ಹೇಳಲಿಲ್ಲ ಎಂದಾಗುತ್ತದೆ. ಇಷ್ಟು ನಯವಾಗಿ ಹೊಣೆ ಜಾರಿಸುವ ಇನ್ನೊಂದು ಪದವನ್ನು ನಾನು ಕನ್ನಡದಲ್ಲಿ ಕಾಣೆ.

ಅದು ನಿಜವಾಗಿಯೂ ಹೇಳಲಿಲ್ಲವೆ? ನಡೆದುದನ್ನು ನಡೆದಂತೆ ಬರೆಯುತ್ತೇನೆ. ಓದುಗರೇ ತೀರ್ಮಾನಿಸಲಿ.

ನಮ್ಮ ನಾಯಿಯ ಹೆಸರು ಬೆಲ್ಲ. ಮೈಬಣ್ಣ ನೋಡಿ ಮಗಳು ಇಟ್ಟ ಹೆಸರು. ಆರು ವರ್ಷದ, ಏಳು ಕಿಲೋ ತೂಕದ ಡ್ಯಾಶುಂಡ್. ಉದ್ದನೆಯ ಬೆನ್ನು, ಗೇಣುದ್ದದ ಕಾಲು. ಡೊಂಬಿವಲಿಯ ನಮ್ಮ ಮನೆಯಲ್ಲಿ ದಿವಾನದ ಕಿಟಕಿಯ ಬದಿಯ ಮೂಲೆ ಅದರ ಸ್ವಂತ ಆಸ್ತಿ. ಶ್ರಾವಣದ ಒಂದು ಸಂಜೆ ಅದು ದಿವಾನಕ್ಕೆ ಹಾರುವುದನ್ನು ನಿಲ್ಲಿಸಿತು. ಕೆಳಗೆ ನಿಂತು ಮೇಲೆ ನೋಡುತ್ತಿತ್ತು. "ಮಹಾರಾಣಿಯವರನ್ನು ಇನ್ನು ಎತ್ತಿ ಕೂರಿಸಬೇಕಂತೆ" ಎಂದು ನಾವು ನಕ್ಕೆವು. ಮೂರನೆಯ ದಿನದಿಂದ, ನಿದ್ದೆಯಿಂದ ಎದ್ದೊಡನೆ ತಲೆಯಿಂದ ಬಾಲದವರೆಗೆ ಮೈ ಕೊಡವುವ ಅದರ ನಿತ್ಯದ ರೂಢಿ ನಿಂತಿತು. ಐದನೆಯ ದಿನ ಬಟ್ಟಲಿನ ಮುಂದೆ ಕತ್ತು ಬಗ್ಗಿಸಿ ತಿನ್ನದೆ, ಒಂದು ತುತ್ತು ಕಚ್ಚಿಕೊಂಡು ತಲೆ ಎತ್ತಿ ಅಗಿಯತೊಡಗಿತು. ಬಟ್ಟಲು ಖಾಲಿಯಾಗುತ್ತಿತ್ತಾದ್ದರಿಂದ ನಮಗೆ ಚಿಂತೆಯಾಗಲಿಲ್ಲ. ಎಂಟನೆಯ ದಿನ ಮಗಳು ಮುಂಗಾಲುಗಳ ಕೆಳಗೆ ಕೈಹಾಕಿ ಎತ್ತಿದಾಗ ಒಮ್ಮೆ ಚೀರಿ ಸುಮ್ಮನಾಯಿತು. ಕೆಳಗಿಟ್ಟ ಮೇಲೆ ಬಾಲ ಆಡಿಸಿತು. ನಾಟಕ, ಎಂದೆವು. ಹತ್ತನೆಯ ರಾತ್ರಿ ಎರಡು ಗಂಟೆಗೆ ಫ್ಯಾನಿನ ಕೆಳಗೇ ಕುಳಿತು ಏದುಸಿರು ಬಿಡುತ್ತ ನಡುಗುತ್ತಿತ್ತು. ಗುಡುಗಿಗೆ ಹೆದರಿದೆ, ಎಂದೆವು. ಹನ್ನೆರಡನೆಯ ದಿನ, ಬೆನ್ನು ಸವರಲು ಹೋದ ನನ್ನ ಹೆಂಡತಿಯ ಕೈಗೆ ಬಾಯಿ ಹಾಕಿತು. ಆರು ವರ್ಷದಲ್ಲಿ ಮೊದಲ ಸಲ. ಮುದ್ದು ಹೆಚ್ಚಾಗಿ ತಲೆಗೇರಿದೆ ಎಂದು ನಾನು ಅದರ ಮೂತಿಗೆ ಒಂದು ಪೆಟ್ಟು ಕೊಟ್ಟೆ.

ಈ ಪೆಟ್ಟಿನ ವಿಷಯವನ್ನು ಕೂಟದಲ್ಲಿ ನಾನು ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ, ಏಕೆಂದರೆ ವಾದವೆಲ್ಲ ಅಲ್ಲಿಯೇ ಇದೆ.

ಹದಿನಾಲ್ಕನೆಯ ದಿನ ಹತ್ತಿರದ ಪಶುಚಿಕಿತ್ಸಾಲಯಕ್ಕೆ ಕರೆದೊಯ್ದೆವು. ಜ್ವರವಿಲ್ಲ. ರಕ್ತಪರೀಕ್ಷೆ ಸರಿಯಾಗಿದೆ. ಎಕ್ಸ್‌ರೇಯಲ್ಲಿ ಮುರಿತವಿಲ್ಲ. "ಏನೂ ಇಲ್ಲ, ಸ್ವಭಾವ ಸ್ವಲ್ಪ ಬದಲಾಗಿದೆ ಅಷ್ಟೆ" ಎಂದರು. ನಾನು ಹಗುರಾಗಿ ಮನೆಗೆ ಬಂದೆ. ಹದಿನಾರನೆಯ ರಾತ್ರಿ ಅದು ಮತ್ತೆ ನಡುಗುವುದನ್ನು ನೋಡಲಾರದೆ, ನನ್ನ ಮಂಡಿನೋವಿಗೆಂದು ತಂದಿಟ್ಟಿದ್ದ ಮಾತ್ರೆಯ ಕಾಲುಭಾಗವನ್ನು ಬೆಣ್ಣೆಯಲ್ಲಿ ಹುದುಗಿಸಿ ತಿನ್ನಿಸಿದೆ. ಮರುದಿನವೂ ತಿನ್ನಿಸಿದೆ. ಹತ್ತೊಂಬತ್ತನೆಯ ದಿನ ಅದು ವಾಂತಿ ಮಾಡಿತು. ಮಲ ಡಾಂಬರಿನಂತೆ ಕಪ್ಪಗಿತ್ತು. ಹಿಂಗಾಲಿನ ಪಾದ ಮಡಚಿಕೊಂಡು ನೆಲಕ್ಕೆ ಉಜ್ಜುತ್ತಿತ್ತು.

ಎರಡನೆಯ ವೈದ್ಯೆ ಯಂತ್ರದ ಬಳಿಗೆ ಹೋಗುವ ಮೊದಲು ಕಾಲುಗಂಟೆ ಪ್ರಶ್ನೆ ಕೇಳಿದರು. ಹಾರುವುದನ್ನು ಎಂದು ನಿಲ್ಲಿಸಿತು? ಮೈ ಕೊಡವುತ್ತದೆಯೆ? ತಿನ್ನುವಾಗ ಕತ್ತು ಹೇಗಿರುತ್ತದೆ? ಎಲ್ಲಿ ಮುಟ್ಟಿದರೆ ಸಿಡುಕುತ್ತದೆ? ಪ್ರತಿಯೊಂದಕ್ಕೂ ನನ್ನಲ್ಲಿ ಉತ್ತರವಿತ್ತು. ದಿನಾಂಕ ಸಮೇತ ಇತ್ತು. ಉತ್ತರಿಸುತ್ತ ಹೋದಂತೆ ನನ್ನ ದನಿ ಇಳಿಯುತ್ತ ಬಂತು. ನನಗೆ ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ. ಎಲ್ಲವೂ ಗೊತ್ತಿತ್ತು. ಗೊತ್ತಿದ್ದ ಒಂದೊಂದಕ್ಕೂ ನಾನು ಒಂದೊಂದು ಹೆಸರನ್ನು ಇಟ್ಟಿದ್ದೆ: ಸೋಮಾರಿತನ, ನಾಟಕ, ಅಂಜಿಕೆ, ಕೊಬ್ಬು. ನೋವು ಎಂಬ ಒಂದು ಹೆಸರನ್ನು ಮಾತ್ರ ಇಟ್ಟಿರಲಿಲ್ಲ.

ಆಮೇಲೆ ಅವರು ಬೆನ್ನುಮೂಳೆಯ ಗುಂಟ ಒಂದೊಂದೇ ಮಣಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಹಿಂಗಾಲಿನ ಪಾದವನ್ನು ಮಗುಚಿ ನೆಲಕ್ಕಿಟ್ಟು, ಅದನ್ನು ನಾಯಿ ಎಷ್ಟು ಹೊತ್ತಿಗೆ ನೇರ ಮಾಡಿಕೊಳ್ಳುತ್ತದೆ ಎಂದು ಕಾದರು. ಮಣಿಗಳ ನಡುವಿನ ಮೆತ್ತೆ ಜಾರಿ ನರಕ್ಕೆ ಒತ್ತಿರುವ ಸಂಭವವೇ ಹೆಚ್ಚು ಎಂದರು. ಆಮೇಲೆ, ಬೇರೇನಾದರೂ ಔಷಧ ಕೊಟ್ಟಿದ್ದೀರಾ ಎಂದು ಕೇಳಿದರು. ಮಾತ್ರೆಯ ಹೆಸರು ಹೇಳಿದೆ. ಅವರು ಬರೆಯುತ್ತಿದ್ದ ಚೀಟಿಯ ಮೇಲಿನ ಒಂದು ಸಾಲನ್ನು ಹೊಡೆದುಹಾಕಿದರು. ಊತವನ್ನೂ ನೋವನ್ನೂ ಇಳಿಸಬಲ್ಲ ಔಷಧವನ್ನು, ನಾನು ಕೊಟ್ಟ ಮಾತ್ರೆಯಿಂದ ಹೊಟ್ಟೆಯಲ್ಲಿ ಆದ ಹುಣ್ಣು ಮಾಯುವವರೆಗೆ ಕೊಡುವಂತಿರಲಿಲ್ಲ. ನರದ ನೋವಿಗೆ ಗಾಬಾಪೆಂಟಿನ್, ಹೊಟ್ಟೆಗೆ ಬೇರೆ ಮದ್ದು, ಆರು ವಾರ ಗೂಡಿನೊಳಗಿನ ಸಂಪೂರ್ಣ ವಿಶ್ರಾಂತಿ. ನನ್ನ ಕರುಣೆ ಅದರ ನೋವಿನ ದಿನಗಳಿಗೆ ಇನ್ನೂ ಹತ್ತು ದಿನ ಕೂಡಿಸಿತ್ತು.

ಈಗ ವಾದಕ್ಕೆ ಬರುತ್ತೇನೆ. ಈ ಕಥೆ ಹೇಳಿದಾಗಲೆಲ್ಲ ನಾಲ್ಕು ಬಗೆಯ ಆಕ್ಷೇಪಗಳು ಬರುತ್ತವೆ.

ಮೊದಲನೆಯದು: ಅದಕ್ಕೆ ಭಾಷೆಯಿಲ್ಲ, ಆದ್ದರಿಂದ ಅದರ ನೋವನ್ನು ಖಚಿತವಾಗಿ ತಿಳಿಯಲಾಗದು. ಈ ಮಾತು ಹಿಂದೆ ನಾಯಿಗಳ ಬಗ್ಗೆ ಮಾತ್ರ ಹೇಳಿದ್ದಲ್ಲ. 1980ರ ದಶಕದವರೆಗೂ ಮುಂದುವರಿದ ದೇಶಗಳ ಆಸ್ಪತ್ರೆಗಳಲ್ಲಿಯೇ ನವಜಾತ ಶಿಶುಗಳಿಗೆ ಸಾಕಷ್ಟು ಅರಿವಳಿಕೆಯಿಲ್ಲದೆ, ಕೈಕಾಲು ಆಡದಂತೆ ಸ್ನಾಯು ಸಡಿಲಿಸುವ ಔಷಧವನ್ನಷ್ಟೆ ಹೆಚ್ಚಾಗಿ ನೆಚ್ಚಿಕೊಂಡು ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಶಿಶುವಿನ ನರಗಳು ಬಲಿತಿಲ್ಲ, ಅದಕ್ಕೆ ನೋವು ತಿಳಿಯದು, ತಿಳಿದರೂ ನೆನಪಿರದು ಎಂಬುದು ಕಲಿತವರ ನಂಬಿಕೆಯಾಗಿತ್ತು. ಭಾರತೀಯ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಅವರ ಸಹೋದ್ಯೋಗಿಗಳು ಆಕ್ಸ್‌ಫರ್ಡಿನಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಸರಿಯಾದ ಅರಿವಳಿಕೆ ಪಡೆದ ಶಿಶುಗಳ ದೇಹದಲ್ಲಿ ಆಘಾತದ ಲಕ್ಷಣಗಳು ಕಡಿಮೆಯಾಗಿದ್ದವು, ಅವು ಹೆಚ್ಚು ಚೆನ್ನಾಗಿ ಚೇತರಿಸಿಕೊಂಡವು. ಅಳುವ ಮಗುವನ್ನು ಎದುರಿಗಿಟ್ಟುಕೊಂಡೇ ಅದಕ್ಕೆ ನೋವಿಲ್ಲ ಎಂದು ನಂಬಬಲ್ಲ ನಾವು, ಅಳಲೂ ಬಾರದ ಏಳು ಕಿಲೋದ ಪ್ರಾಣಿಯ ವಿಷಯದಲ್ಲಿ ಏನನ್ನು ನಂಬಲಾರೆವು?

ನೋವಿನ ಅಧ್ಯಯನಕ್ಕೆಂದೇ ಇರುವ ಅಂತಾರಾಷ್ಟ್ರೀಯ ಸಂಘವು 1979ರಲ್ಲಿ ಕೊಟ್ಟ ನೋವಿನ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿತು. ಆ ತಿದ್ದುಪಡಿಯ ಜೊತೆಗಿನ ಟಿಪ್ಪಣಿ, ಮಾತಿನ ವಿವರಣೆ ನೋವನ್ನು ವ್ಯಕ್ತಪಡಿಸುವ ಹಲವು ನಡವಳಿಕೆಗಳಲ್ಲಿ ಒಂದು ಮಾತ್ರ ಎನ್ನುತ್ತದೆ. ಹೇಳಿಕೊಳ್ಳಲಾಗದು ಎಂಬ ಕಾರಣಕ್ಕೆ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ನೋವಿಲ್ಲವೆಂದು ತೀರ್ಮಾನಿಸಬಾರದು ಎಂದೂ ಹೇಳುತ್ತದೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಪಶುವೈದ್ಯರು ನಾಯಿಯ ತೀವ್ರ ನೋವನ್ನು ಅಳೆಯಲು ಒಂದು ಮಾಪಕವನ್ನೇ ಮಾಡಿಟ್ಟಿದ್ದಾರೆ. ದನಿ, ಗಾಯದ ಕಡೆಗಿನ ಗಮನ, ನಡಿಗೆ, ಮುಟ್ಟಿದಾಗಿನ ಪ್ರತಿಕ್ರಿಯೆ, ಮನಃಸ್ಥಿತಿ, ಮೈಯ ಭಂಗಿ ಎಂಬ ಆರು ಬಾಬುಗಳು. ಒಟ್ಟು 24 ಅಂಕ. 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿಗೆ ಚಿಕಿತ್ಸೆ ಬೇಕೆಂದು ಅರ್ಥ. ಇದು ಆಸ್ಪತ್ರೆಯ ಬಳಕೆಗಾಗಿ ರೂಪಿಸಿದ್ದು. ಆದರೂ ಆ ಆರು ಬಾಬುಗಳಲ್ಲಿ ಮನೆಯವರ ಕಣ್ಣಿಗೆ ಬೀಳದಂಥದು ಒಂದೂ ಇಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದ ನಮ್ಮ ಬಳಗಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಲಿಯನನ್ನು ಅರಿಯಲು ನಾಯಿಗುತ್ತಿಗೆ ಯಾವ ಮಾಪಕವೂ ಬೇಕಾಗಿರಲಿಲ್ಲ. ಅಕ್ಷರ ಬಾರದ ಆ ಆಳಿಗೆ ಓದಲು ಬಂದದ್ದು, ಅಕ್ಷರವನ್ನೇ ನಂಬಿ ಬದುಕುವ ನಮಗೆ ಬಾರದೆ ಹೋಯಿತು.

ಎರಡನೆಯ ಆಕ್ಷೇಪ: ನೀವು ನಾಯಿಗೆ ಮನುಷ್ಯನ ಭಾವನೆಗಳನ್ನು ಆರೋಪಿಸುತ್ತಿದ್ದೀರಿ. ಈ ಆಕ್ಷೇಪ ಎತ್ತುವವರು ತಮ್ಮ ಮಾತನ್ನೇ ಒಮ್ಮೆ ಕೇಳಿಸಿಕೊಳ್ಳಲಿ. ನಾಯಿ ದಿವಾನ ಹತ್ತದಿದ್ದರೆ ಹಟ ಎನ್ನುತ್ತೇವೆ. ಚೀರಿದರೆ ನಾಟಕ ಎನ್ನುತ್ತೇವೆ. ಮೂಲೆಯಲ್ಲಿ ಮುದುಡಿದರೆ ಮುನಿಸು, ಮನೆಯೊಳಗೆ ಉಚ್ಚೆ ಹೊಯ್ದರೆ ಸೇಡು. ಹಟ, ನಾಟಕ, ಮುನಿಸು, ಸೇಡು, ಇವೆಲ್ಲ ಮನುಷ್ಯನ ಅತ್ಯಂತ ಜಟಿಲವಾದ ಭಾವಗಳು. ಸಂಚು ಹೂಡುವ ಬುದ್ಧಿಯನ್ನು ಅದಕ್ಕೆ ಧಾರಾಳವಾಗಿ ಕೊಡುವ ನಾವು, ನರವಿರುವ ಎಲ್ಲ ಸಸ್ತನಿಗಳಿಗೂ ಸಮಾನವಾದ ನೋವನ್ನು ಕೊಡುವಾಗ ಮಾತ್ರ ಜಿಪುಣರಾಗುತ್ತೇವೆ. ಆರೋಪಣೆ ಯಾವ ಕಡೆ ಹೆಚ್ಚಿದೆ?

ಮೂರನೆಯದು: ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲವಲ್ಲ! ಮೂವರಲ್ಲಿ ಇದೇ ಹೆಚ್ಚು ಅಪಾಯಕಾರಿ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಇದು ವಿಜ್ಞಾನದ ಹೆಸರು ಹೇಳಿಕೊಂಡು ಬರುತ್ತದೆ. ಎಕ್ಸ್‌ರೇ ಎಲುಬನ್ನು ತೋರಿಸುತ್ತದೆ. ಎಲುಬುಗಳ ನಡುವಿನ ಮೆತ್ತೆ ಜಾರಿದ್ದನ್ನೋ, ನರದ ಮೇಲೆ ಅದು ಒತ್ತಿದ್ದನ್ನೋ ಅದು ಸಾಮಾನ್ಯವಾಗಿ ತೋರಿಸದು. ಅದಕ್ಕೆ ಎಂ.ಆರ್.ಐ. ಬೇಕು. ಪ್ರಾಣಿಗಳಿಗೆ ಆ ಸೌಲಭ್ಯ ಇರುವುದು ಕೆಲವೇ ದೊಡ್ಡ ನಗರಗಳಲ್ಲಿ, ಅದೂ ದುಬಾರಿ. ರಕ್ತಪರೀಕ್ಷೆ ಮೂತ್ರಪಿಂಡ, ಯಕೃತ್ತು, ಸೋಂಕುಗಳ ಸುದ್ದಿ ಹೇಳುತ್ತದೆ. ನೋವನ್ನು ಎಣಿಸುವ ರಕ್ತಪರೀಕ್ಷೆ ಇಲ್ಲ. ಕಾರಣ ಸಿಕ್ಕಿಲ್ಲ ಎಂಬುದು ಹುಡುಕಾಟದ ಸ್ಥಿತಿಯ ವರದಿ. ನೋವು ಇಲ್ಲ ಎಂಬುದು ಪ್ರಾಣಿಯ ಸ್ಥಿತಿಯ ವರದಿ. ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯುವ ಅಧಿಕಾರ ಯಾರಿಗೂ ಇಲ್ಲ.

ಈ ಜಿಗಿತ ನಮಗೆ ಹೊಸದಲ್ಲ. ಮನೆಯ ಹೆಂಗಸರು ವರ್ಷಗಟ್ಟಲೆ ಸೊಂಟನೋವೆಂದು ಹೇಳಿ, ರಿಪೋರ್ಟು ನಾರ್ಮಲ್ ಬಂದ ದಿನದಿಂದ ಮತ್ತೆ ಹೇಳುವುದನ್ನೇ ಬಿಟ್ಟ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಅವರಿಗೆ ಬಾಯಿ ಇತ್ತು, ಭಾಷೆ ಇತ್ತು, ಒಳ್ಳೆಯ ಕನ್ನಡವೇ ಇತ್ತು. ಅಲ್ಲಿ ಕೊರತೆ ಬಿದ್ದದ್ದು ಯಾವುದು ಎಂದು ಕೇಳಿಕೊಂಡರೆ, ಮೂಕ ಎಂಬ ವಿಶೇಷಣ ಯಾರಿಗೂ ಸಲ್ಲುವುದಿಲ್ಲ ಎಂಬುದು ತಿಳಿಯುತ್ತದೆ.

ಪುಟ್ಟ ನಾಯಿಗಳಲ್ಲಿ ಕಾಣದ ನೋವಿಗೆ ಕಾರಣಗಳು ಅನೇಕ. ಡ್ಯಾಶುಂಡಿನಂಥವಕ್ಕೆ ಬೆನ್ನು. ಪಾಮೇರಿಯನ್ ಮೊದಲಾದವಕ್ಕೆ ಮೊಣಕಾಲ ಚಿಪ್ಪು ಜಾರುವ ತೊಂದರೆ. ನಡೆಯುತ್ತ ನಡೆಯುತ್ತ ಒಂದು ಹಿಂಗಾಲನ್ನು ಎತ್ತಿ ಎರಡು ಹೆಜ್ಜೆ ಕುಂಟಿ ಮತ್ತೆ ಸರಿಯಾಗುವುದನ್ನು ನಾವು ಕುಣಿತ ಎಂದುಕೊಳ್ಳುತ್ತೇವೆ. ಮೂರು ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ನಾಯಿಗಳಲ್ಲಿ ಒಸಡಿನ ರೋಗ ತಲೆಹಾಕಿರುತ್ತದೆ. ಸಣ್ಣ ದವಡೆಯಲ್ಲಿ ಹಲ್ಲುಗಳು ಒತ್ತಾಗಿರುವ ಪುಟ್ಟ ತಳಿಗಳಲ್ಲಿ ಇನ್ನೂ ಹೆಚ್ಚು. ನಮ್ಮ ಹವೆಯಲ್ಲಿ ಉಣ್ಣೆಯಿಂದ ಬರುವ ಜ್ವರ ಕೀಲುಗಳನ್ನು ನೋಯಿಸುತ್ತದೆ. ಕರಿದ ತಿಂಡಿ ಹಾಕಿದ ಹಬ್ಬದ ಮರುದಿನ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಆಗ ನಾಯಿ ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಾಗಿಸಿ, ಹಿಂಭಾಗವನ್ನು ಎತ್ತಿ ನಿಲ್ಲುತ್ತದೆ. ಆಟಕ್ಕೆ ಕರೆಯುವ ಭಂಗಿಯೂ ಹೆಚ್ಚುಕಡಿಮೆ ಇದೇ. ಆಟದ ಭಂಗಿ ಕ್ಷಣದಲ್ಲಿ ಓಟವಾಗುತ್ತದೆ. ಹೊಟ್ಟೆನೋವಿನ ಭಂಗಿ ಹಾಗೆಯೇ ನಿಂತಿರುತ್ತದೆ, ಮತ್ತೆ ಮತ್ತೆ ಬರುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದು ಮುದ್ದಾಗಿದೆ ಎಂದು ಹಂಚುವ ಮೊದಲು ಅರೆನಿಮಿಷ ಕಾಯುವುದು ಒಳ್ಳೆಯದು.

ನಾಲ್ಕನೆಯ ಆಕ್ಷೇಪ ನಿಜವಾಗಿ ಭಾರವಾದದ್ದು: ಮನುಷ್ಯರಿಗೇ ಮಾತ್ರೆ ಸಿಗದ ದೇಶದಲ್ಲಿ ಫ್ಲ್ಯಾಟಿನ ನಾಯಿಯ ಬೆನ್ನಿನ ಬಗ್ಗೆ ಪ್ರಬಂಧವೆ? ಇದನ್ನು ನಾನು ತಳ್ಳಿಹಾಕುವುದಿಲ್ಲ. ಬೆಲ್ಲನ ಎಂ.ಆರ್.ಐ.ಯನ್ನು ನಾವೂ ಮಾಡಿಸಲಿಲ್ಲ. ಖರ್ಚನ್ನು ಲೆಕ್ಕ ಹಾಕಿದೆವು, ವಿಶ್ರಾಂತಿಯಲ್ಲಿಯೇ ಅದು ಚೇತರಿಸತೊಡಗಿದ್ದರಿಂದ ಕೈಬಿಟ್ಟೆವು. ಹೀಗಾಗಿ ಅದರ ನೋವಿನ ಕಾರಣ ಇಂದಿಗೂ ಕಡತದಲ್ಲಿ "ಬಹುಶಃ" ಎಂಬ ಪದದೊಂದಿಗೇ ಇದೆ. ಎಲ್ಲರೂ ಸಾಲ ಮಾಡಿ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ 19 ದಿನಗಳಲ್ಲಿ ನಾನು ಮಾಡದೆ ಹೋದದ್ದರಲ್ಲಿ ಹಣ ಬೇಡುವಂಥದು ಯಾವುದಿತ್ತು? ನೋಡುವುದಕ್ಕೆ ಹಣ ಬೇಡ. ಬರೆದಿಡುವುದಕ್ಕೆ ಬೇಡ. ಹೊಡೆಯದಿರುವುದಕ್ಕೆ ಬೇಡ. ಕೈಗೆ ಸಿಕ್ಕಿದ ಮಾತ್ರೆಯನ್ನು ತಿನ್ನಿಸದಿರುವುದಕ್ಕಂತೂ ಬೇಡವೇ ಬೇಡ.

ಇನ್ನೊಂದು ಮಾತೂ ಇದೆ. ಬೀದಿಯಲ್ಲಿ ತನ್ನ ಪಾಡಿಗೆ ತಾನು ಹುಟ್ಟಿದ ನಾಯಿಯಲ್ಲ ಇದು. ಉದ್ದ ಬೆನ್ನು ಗಿಡ್ಡ ಕಾಲಿನ ಈ ತಳಿಯನ್ನು ಜರ್ಮನಿಯ ಬೇಟೆಗಾರರು ಬಿಲದೊಳಗಿನ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಹಿಡಿಯಲೆಂದು ಆಯ್ದು ಆಯ್ದು ಬೆಳೆಸಿದರು. ಆ ಹೆಸರಿನ ಅರ್ಥವೇ ಬ್ಯಾಡ್ಜರ್ ನಾಯಿ. ಆಮೇಲೆ ಅಂದಕ್ಕಾಗಿ ಆಯ್ಕೆ ಮುಂದುವರಿಯಿತು. ಇಂಥ ತಳಿಗಳಲ್ಲಿ ಬೆನ್ನಿನ ಮೆತ್ತೆಗಳು ಎಳೆತನದಲ್ಲಿಯೇ ಗಡುಸಾಗುವುದಕ್ಕೆ ಕಾರಣವಾದ ವಂಶವಾಹಿ ಬದಲಾವಣೆಯನ್ನು ಸಂಶೋಧಕರು 2017ರಲ್ಲಿ ಗುರುತಿಸಿದರು. ಡ್ಯಾಶುಂಡುಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಈ ತೊಂದರೆ ಬರುತ್ತದೆ. ಅಂದಮೇಲೆ ಇದನ್ನು ಕಾರಣವಿಲ್ಲದ ನೋವು ಎನ್ನುವುದು ಹೇಗೆ? ಕಾರಣ ಮನುಷ್ಯನ ಆಯ್ಕೆಯಲ್ಲಿದೆ. ನಾನು 20,000 ರೂಪಾಯಿ ಕೊಟ್ಟು ಆ ಆಯ್ಕೆಯನ್ನು ಮನೆಗೆ ತಂದಿದ್ದೆ, ಅದರ ಬೆನ್ನಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆಯ ಮೂರನೆಯ ಕಲಮು ಪ್ರಾಣಿಯನ್ನು ಸಾಕುವ ಪ್ರತಿಯೊಬ್ಬರೂ ಅದರ ಕ್ಷೇಮಕ್ಕೆ, ಅನವಶ್ಯಕ ನೋವು ತಡೆಯುವುದಕ್ಕೆ ಯುಕ್ತ ಕ್ರಮಗಳನ್ನೆಲ್ಲ ಕೈಗೊಳ್ಳಬೇಕೆನ್ನುತ್ತದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟಿನ ಪ್ರಕರಣದಲ್ಲಿ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಪ್ರಸ್ತಾಪಿಸಿದಾಗ, ನೋವು, ಗಾಯ, ರೋಗಗಳಿಂದ ಮುಕ್ತಿಯೂ ಅವುಗಳಲ್ಲಿ ಒಂದಾಗಿತ್ತು. ಬಡದೇಶದ ವಾದ ನನ್ನ ಮನೆಯ ಬಾಗಿಲವರೆಗೆ ಬರಬಹುದು. ನಾನಾಗಿಯೇ ಕೊಂಡುತಂದ ಪ್ರಾಣಿಯ ಮುಂದೆ ಅದು ನಿಲ್ಲುವುದಿಲ್ಲ.

ವಾದ ಬರಿಯ ವಾದವಾಗಿ ಮುಗಿಯಬಾರದು. ನಮ್ಮ ಬಳಗದಲ್ಲಿ ನಾಯಿ ಸಾಕಿದವರು ಹಲವರಿದ್ದಾರೆ. ತಡವಾಗಿ ಕಲಿತದ್ದನ್ನು ಇಲ್ಲಿ ಇಡುತ್ತೇನೆ.

ದಿನಚರಿಯಲ್ಲಿ ಏನು ನಿಂತಿತು ಎಂಬುದನ್ನು ನೋಡಿ. ಕುಂಟುವುದೂ ಚೀರುವುದೂ ಕಣ್ಣಿಗೆ ಬೀಳುತ್ತವೆ. ಹಾರುವುದು, ಮೈ ಕೊಡವುವುದು, ಬಾಗಿಲಿಗೆ ಓಡುವುದು, ಸುರುಳಿ ಸುತ್ತಿ ಮಲಗುವುದು, ಇವು ನಿಂತದ್ದು ಬೀಳುವುದಿಲ್ಲ. ಎರಡು ದಿನ ಕಂಡರೆ ದಿನಾಂಕದೊಂದಿಗೆ ಬರೆದಿಡಿ, ನಡಿಗೆಯನ್ನು ಮೊಬೈಲಿನಲ್ಲಿ ಚಿತ್ರಿಸಿಡಿ. ಚಿಕಿತ್ಸಾಲಯದ ಮೇಜಿನ ಮೇಲೆ ಭಯದ ಉದ್ವೇಗದಲ್ಲಿ ಎಷ್ಟೋ ನಾಯಿಗಳು ನೋವನ್ನು ಮರೆಮಾಚಿ ನೆಟ್ಟಗೆ ನಿಲ್ಲುತ್ತವೆ. ಮನೆಯ ದೃಶ್ಯವೇ ಅಲ್ಲಿ ಸಾಕ್ಷಿ. ಉಣ್ಣುತ್ತಿದೆ, ಬಾಲ ಆಡಿಸುತ್ತಿದೆ ಎಂಬುದನ್ನು ಆರೋಗ್ಯದ ಪ್ರಮಾಣವೆಂದು ಒಪ್ಪಬೇಡಿ; ನೋವಿನಲ್ಲಿಯೂ ಅವು ಉಣ್ಣುತ್ತವೆ, ನಮ್ಮನ್ನು ಕಂಡರೆ ಬಾಲ ಆಡಿಸುತ್ತವೆ. ಎಂದೂ ಕಚ್ಚದ ನಾಯಿ ಮುಟ್ಟಿದಾಗ ಬಾಯಿ ಹಾಕಿತೆಂದರೆ, ಶಿಸ್ತಿನ ಪ್ರಶ್ನೆಗಿಂತ ಮೊದಲು ಆ ಜಾಗದ ಪ್ರಶ್ನೆ ಬರಬೇಕು.

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇಟ್ಟು ಬೆನ್ನು ನೇರವಾಗಿರುವಂತೆ ಎತ್ತಿ. ಬೆನ್ನು ಅಥವಾ ಕತ್ತಿನ ಸಂಶಯವಿದ್ದರೆ ಕೊರಳಪಟ್ಟಿ ಬಿಚ್ಚಿ, ಮೆಟ್ಟಿಲು ಹಾರಾಟ ನಿಲ್ಲಿಸಿ, ವೈದ್ಯರನ್ನು ಕಾಣುವವರೆಗೆ ಸಣ್ಣ ಆವರಣದಲ್ಲಿ ಇರಿಸಿ. ಎಣ್ಣೆ ಹಚ್ಚಿ ತಿಕ್ಕಬೇಡಿ. ಹಿಂಗಾಲು ಎಳೆಯತೊಡಗಿದರೆ, ಉಚ್ಚೆ ಹೊಯ್ಯಲಾಗದಿದ್ದರೆ, ಹೊಟ್ಟೆ ಗಟ್ಟಿಯಾಗಿ ಊದಿದರೆ, ಒಸಡು ಬಿಳಿಚಿದ್ದರೆ ನಾಳೆಗೆಂದು ಕಾಯಬೇಡಿ. ಅಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಮನುಷ್ಯರ ನೋವಿನ ಮಾತ್ರೆಯನ್ನು ಪಶುವೈದ್ಯರು ಹೇಳದ ಹೊರತು ಎಂದೂ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಅದರ ಯಕೃತ್ತನ್ನು ಹಾಳುಮಾಡುತ್ತದೆ, ಬೆಕ್ಕಿಗಂತೂ ಪ್ರಾಣಾಂತಕ. ಜಾನುವಾರುಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಕಳೇಬರ ತಿಂದ ರಣಹದ್ದುಗಳನ್ನು ಕೊಂದಿತೆಂದು ಪಶುಬಳಕೆಯ ಆ ಔಷಧವನ್ನೇ ಭಾರತ 2006ರಲ್ಲಿ ನಿಷೇಧಿಸಿತು. ಒಂದು ಜೀವಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ನಾಯಿಗೆಂದೇ ನೋವಿನ ಔಷಧಗಳಿವೆ. ಕಾರಣ ತಿಳಿಯದಿದ್ದಾಗಲೂ ವೈದ್ಯರು ಅವನ್ನು ಕೆಲವು ದಿನ ಕೊಟ್ಟು ನೋಡಬಹುದು. ನಡವಳಿಕೆ ಮೊದಲಿನಂತಾದರೆ ನೋವಿತ್ತು ಎಂಬುದಕ್ಕೆ ಅದೇ ಪುರಾವೆ. ಇದನ್ನು ಕೇಳುವ ಹಕ್ಕು ನಿಮಗಿದೆ. "ಏನೂ ಇಲ್ಲ" ಎಂದರೆ, "ನೋವು ಇದೆಯೆಂದುಕೊಂಡು ಚಿಕಿತ್ಸೆ ಮಾಡಿದರೆ ಏನು ಮಾಡುವಿರಿ?" ಎಂದು ವಿನಯದಿಂದ ಕೇಳಿ. ಉತ್ತರ ಬಾರದಿದ್ದರೆ ಇನ್ನೊಬ್ಬರ ಬಳಿ ಹೋಗಿ.

ಕೊನೆಗೆ ಒಂದು ಹಳೆಯ ಕಥೆ. ಮಹಾಭಾರತದಲ್ಲಿ ನಾಯಿ ಎಂದರೆ ನಮಗೆ ಧರ್ಮರಾಜನ ಹಿಂದೆ ಹಿಮಾಲಯವೇರಿದ ನಾಯಿಯೇ ನೆನಪಾಗುತ್ತದೆ. ಅದು ಕೊನೆಯ ನಾಯಿ. ಆದಿಪರ್ವದ ಆರಂಭದಲ್ಲಿಯೇ ಇನ್ನೊಂದು ಇದೆ. ಜನಮೇಜಯನ ಯಾಗದ ಬಳಿಗೆ ಬಂದ ಸರಮೆಯ ಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದು ಅಳುತ್ತ ತಾಯಿಯ ಬಳಿಗೆ ಓಡುತ್ತದೆ. ಹವಿಸ್ಸನ್ನು ನೆಕ್ಕಿರಲಿಲ್ಲ, ನೋಡಿಯೂ ಇರಲಿಲ್ಲ. ಸರಮೆ ಬಂದು, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರು ಏನೂ ಹೇಳುವುದಿಲ್ಲ. ಕಾಣದ ಭಯವೊಂದು ಬಂದೆರಗಲಿ ಎಂದು ಶಪಿಸಿ ಅವಳು ಹೋಗುತ್ತಾಳೆ. ಆಮೇಲೆ ಜನಮೇಜಯ ಮಾಡುವುದೇನು? ಆ ಶಾಪದ ಪಾಪವನ್ನು ಕಳೆಯಬಲ್ಲ ಪುರೋಹಿತನನ್ನು ಹುಡುಕಿಕೊಂಡು ಹೊರಡುತ್ತಾನೆ. ಪೆಟ್ಟು ತಿಂದ ಮರಿಯನ್ನು ಯಾರಾದರೂ ಹೋಗಿ ನೋಡಿದರೆಂದು ಕಥೆ ಹೇಳುವುದಿಲ್ಲ.

ಆ ಕಥೆಯಲ್ಲಿ ಮಾತು ಬಲ್ಲವಳು ನಾಯಿ, ಮೂಕರಾದವರು ಮನುಷ್ಯರು. ಕೂಟದಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟ ಹಿರಿಯರ ಪ್ರೀತಿಯನ್ನು ನಾನು ಮರೆಯುವುದಿಲ್ಲ. ಆದರೆ ಅಂದು ನಾನು ಬಯಸಿದ್ದೂ ಜನಮೇಜಯ ಬಯಸಿದ್ದನ್ನೇ, ಪಾಪ ಕಳೆಯುವ ಒಬ್ಬ ಪುರೋಹಿತನನ್ನು. "ಮೂಕಪ್ರಾಣಿ" ಎಂಬ ಪದ ಆ ಪೌರೋಹಿತ್ಯವನ್ನು ಮಾಡಿಕೊಟ್ಟಿತು. ಇನ್ನು ಮುಂದೆ ನಮ್ಮ ಬರಹಗಳಲ್ಲಿ ಈ ಪದವನ್ನು ಬಳಸುವ ಮೊದಲು ಬಳಗದವರು ಒಮ್ಮೆ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಾನಂತೂ ಬಿಟ್ಟಿದ್ದೇನೆ.

ಬೆಲ್ಲನ ಗೂಡಿನ ವಾಸ ಮುಗಿದು ಎಂಟು ದಿನವಾಯಿತು. ಹಿಂಭಾಗ ಇನ್ನೂ ಸ್ವಲ್ಪ ತೂಗಾಡುತ್ತದೆ. ದಿವಾನಕ್ಕೆ ಇಳಿಜಾರಾದ ಹಲಗೆಯೊಂದನ್ನು ಬಡಗಿಯಿಂದ ಮಾಡಿಸಿದ್ದೇವೆ. ನಿನ್ನೆ ಬೆಳಿಗ್ಗೆ ಅದು ನಿದ್ದೆಯಿಂದೆದ್ದು, ಕಾಲು ಅಗಲಿಸಿ ನಿಂತು, ಬಹಳ ಜಾಗರೂಕತೆಯಿಂದ, ತಲೆಯಿಂದ ಹೊಟ್ಟೆಯವರೆಗೆ ಅರ್ಧ ಮೈಯನ್ನು ಕೊಡವಿತು. ನಾನು ದಿನಾಂಕ ಬರೆದುಕೊಂಡೆ.